ನಾದಿನಿಯ ಕ್ಲಬ್ಬಿಗೆ ನನ್ನ ಕೈ

ಜುಲೈ ೧೪, ಮಂಗಳವಾರ

ನಾಳೆ ಕಮಿಟಿಯಲ್ಲಿ ಕೈ ಎತ್ತಬೇಕು. ಯೂನಿವರ್ಸಿಟಿಯ ಅನುದಾನ ಈ ಸಲ ಒಂದೇ ಸ್ವಯಂಸೇವಾ ಕ್ಲಬ್ಬಿಗೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಗಳನ್ನು ಓದಿ ರೆಕಾರ್ಡ್ ಮಾಡುವವರಿಗೋ, ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನಗಿಸುವವರಿಗೋ? ನಗಿಸುವವರ ಅಧ್ಯಕ್ಷೆ ನನ್ನ ನಾದಿನಿ! ನಾನು ಹೊರಗುಳಿಯುತ್ತೇನೆ ಎಂದರೆ ಡೀನ್, "ಆಗ ವೋಟು ಸಮ ಆಗುತ್ತಮ್ಮ, ನೀನೇ ಗತಿ" ಎಂದರು.

ಇವತ್ತು ಅವಳ ತಂಡದ ಜೊತೆ ವಾರ್ಡಿಗೆ ಹೋಗಿದ್ದೆ. ಗಿಟಾರ್, ಬಲೂನು, ಸೆಲ್ಫಿ. ಮೂಲೆಯ ಹಾಸಿಗೆಯ ಅಜ್ಜಿ ನನ್ನ ಕೈ ಹಿಡಿದು, "ಇವರು ಯಾವಾಗ ಹೋಗ್ತಾರಮ್ಮ? ಸ್ವಲ್ಪ ನಿದ್ದೆ ಮಾಡ್ಬೇಕಿತ್ತು" ಎಂದರು. ನಗು ಬಂತು, ಆಮೇಲೆ ಮೆಲ್ಲಗೆ ಅವರ ಹಾಸಿಗೆಯ ಪರದೆ ಎಳೆದೆ. ಆ ಕಡೆ, ಪಠ್ಯ ಓದುವ ಕ್ಲಬ್ಬಿನ ಹುಡುಗಿಯರು ಹೊರಗಿನ ಸದ್ದು ತಡೆಯಲು ಕಂಬಳಿ ಹೊದ್ದು, ಬೆವರುತ್ತಾ ರೆಕಾರ್ಡ್ ಮಾಡುತ್ತಾರೆ.

ಊಟಕ್ಕೆ ಕೂತಾಗ ಅತ್ತೆ, "ನಮ್ಮನೆ ಸೊಸೆನೇ ಕಮಿಟೀಲಿ ಇರೋವಾಗ ಏನು ಚಿಂತೆ?" ಎಂದರು. ಮೇಜಿನ ಕೆಳಗೆ ನನ್ನ ಗಂಡ (ಗಂಡ! ಬರೆಯುವಾಗಲೂ ಖುಷಿ!) ನನ್ನ ಕಾಲನ್ನು ಮೆಲ್ಲಗೆ ಒತ್ತಿದ. ಎಂದಿನಂತೆ ಕರಗಿ ನೀರಾದೆ. ಇವತ್ತಿನದು ಶಿಫಾರಸು ಎಂದು ಅರ್ಥವಾಗಲು ಎರಡು ತುತ್ತು ಬೇಕಾಯಿತು.

"ನೋಡೋಣ" ಎಂದೆ. ನಾದಿನಿ ಓಡಿಬಂದು ತಬ್ಬಿಕೊಂಡಳು. ನಮ್ಮ ಮದುವೆಗೆ ಮನೆಯವರನ್ನೆಲ್ಲ ಒಪ್ಪಿಸಿದವಳೇ ಅವಳು. ಕ್ಲಬ್ಬಿನ ಟೀ ಶರ್ಟಿಗೆ ನನ್ನ ಅಳತೆ ತೆಗೆಯಲು ಆಗಲೇ ಟೇಪು ತಂದಳು.

"ಕೈ ಎತ್ತಿ, ಅತ್ತಿಗೆ."

ಎತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವನೂ. ಎಷ್ಟು ಚೆಂದ ನಗುತ್ತಾನೆ. ದೇವರೇ, ನಾಳೆ ನಾನು ಓದುವ ಹುಡುಗಿಯರಿಗೆ ಕೈ ಎತ್ತಿದರೆ ಈ ನಗು ಉಳಿಯುತ್ತಾ?