ಉಳಿದರ್ಧ ಸಿನಿಮಾ

ಚಳ್ಳಕೆರೆ, ೧೪-೮-೨೦೦೬

ಸಂಘದ ಕಾರ್ಯದರ್ಶಿ ಕೊಟ್ಟೂರಪ್ಪನವರಿಗೆ ಗಂಗಾಂಬಿಕಾಳ ನಮಸ್ಕಾರ.

ಸಂಘದ ಭವನದಲ್ಲಿ ಹಾಕಿದ, ಕೈಯಲ್ಲೇ ಚಿತ್ರ ಬರೆದು ಮಾಡಿದ ಆ ಫ್ರೆಂಚ್ ಸಿನಿಮಾ ದೊಡ್ಡವರಿಗೆ ಮಾತ್ರ ಎಂದು ನಾನು ಬೋರ್ಡಿನಲ್ಲಿ ಬರೆದಿದ್ದೆ. “ಕಾರ್ಟೂನ್ ನೋಡೋಕೆ ದೊಡ್ಡೋರು ಯಾರ್ ಬರ್ತಾರಮ್ಮ” ಎಂದು ಅದನ್ನು ಅಳಿಸಿ, ಆಟೋಗೆ ಮೈಕು ಕಟ್ಟಿಸಿ ಊರ ಮಕ್ಕಳನ್ನೆಲ್ಲ ಕರೆದವರು ನೀವು. ಮಕ್ಕಳು ಕೆಟ್ಟರು, ಕ್ಷಮಾಪಣೆ ಬರೆದುಕೊಡು ಎಂದು ಈಗ ನನಗೇ ಹೇಳಿ ಕಳಿಸಿದ್ದೀರಿ.

ಪರದೆಯ ಮೇಲೆ ಗಂಡ ಹೊಡೆಯುವಾಗ ನಿಮಗೆ ಮಕ್ಕಳ ನೆನಪಾಗಲಿಲ್ಲ. ಹೆಂಡತಿ ಹೊಸ್ತಿಲು ದಾಟಿದ ಕೂಡಲೇ ಕರೆಂಟು ತೆಗೆಸಿದಿರಿ.

ಕ್ಷಮಾಪಣೆ ಬರೆಯುವುದಿಲ್ಲ. ಭಾನುವಾರ ಹೆಂಗಸರಿಗಷ್ಟೇ ಉಳಿದರ್ಧ ಹಾಕುತ್ತೇನೆ. ಭವನದ ಬೀಗದ ಕೈಯನ್ನು ನಿಮ್ಮ ಮನೆಯವರು ಸುಲೋಚನಮ್ಮನವರ ಕೈಯಲ್ಲೇ ಕಳಿಸಿ. ಬೆಳಿಗ್ಗೆ ಅವರು ಇಲ್ಲಿಗೆ ಬಂದು, ಕೂರದೆ, ಒಂದೇ ಮಾತು ಕೇಳಿ ಹೋದರು: “ಆಮೇಲೆ ಆಯಮ್ಮ ಎಲ್ಲಿಗೆ ಹೋದ್ಲು?”

ಇಂತಿ,
ಗಂಗಾಂಬಿಕಾ