ಅಮ್ಮನ ಮುಖದ ಎಡಭಾಗ

ಮೇ ೨೪, ಭಾನುವಾರ

ಅಮ್ಮಾ,

ಮೊದಲು ಕೂತುಕೋ, ಆಮೇಲೆ ಓದು. ಫೋನಿನಲ್ಲಾದರೆ ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ನಾನು ಪೆನ್ಸಿಲಿನಲ್ಲಿ ನಿನ್ನ ಮುಖ ಬರೆದಿದ್ದೇನೆ. ಈಗಿನ ಮುಖವನ್ನೇ.

ಸಿಟ್ಟಾಗಬೇಡ. ಎಡಗಡೆಯ ನರ ಸೋತು ಬಾಯಿ ಓರೆಯಾದಾಗಿನಿಂದ ನೀನು ಕನ್ನಡಿಗೆ ಬಟ್ಟೆ ಹೊದಿಸಿದ್ದೀಯ, ಶಾಲೆಯ ಕಡೆ ತಲೆ ಹಾಕಿಲ್ಲ. ಪಾಠ ಹೇಳುವ ಕೆಲಸವನ್ನೇ ಬಿಟ್ಟುಬಿಡುತ್ತೀಯಂತೆ, ಅಕ್ಕ ಹೇಳಿದಳು. "ಮಕ್ಕಳು ನಗ್ತಾರೆ ಕಣೇ" ಅಂದೆಯಂತೆ. ಮಕ್ಕಳನ್ನು ಸುಮ್ಮನಾಗಿಸಲು ನಿನಗೆ ಬಾಯಿ ಯಾವತ್ತು ಬೇಕಾಗಿತ್ತು? ಬಲಗಡೆಯ ಹುಬ್ಬೊಂದೇ ಸಾಕಾಗುತ್ತಿತ್ತು. ಅದು ಈಗಲೂ ಚೆನ್ನಾಗಿಯೇ ಏರುತ್ತದೆ.

ಸಂಜೆಯ ಚಿತ್ರಕಲೆಯ ತರಗತಿಯಲ್ಲಿ ಈ ಸಲ ನಮಗೆ ಭಾವಚಿತ್ರ. ಫೋಟೋದ ಮೇಲೆ ಸ್ಕೇಲಿಟ್ಟು ಚೌಕ ಎಳೆಯಬೇಕು. ದೊಡ್ಡ ಹಾಳೆಯ ಮೇಲೂ ಅಷ್ಟೇ ಚೌಕಗಳು, ಎರಡರಷ್ಟು ಅಳತೆಯಲ್ಲಿ, ಕಂಡೂ ಕಾಣದಷ್ಟು ತೆಳುವಾಗಿ. ಆಮೇಲೆ ಅದು ಮುಖ ಅನ್ನುವುದನ್ನೇ ಮರೆತು, ಒಂದೊಂದು ಚೌಕದಲ್ಲಿ ಗೆರೆ ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಿತ್ತು ಎಂದು ನೋಡಿ ಇಳಿಸುತ್ತಾ ಹೋಗಬೇಕು. ನಾನು ಒಯ್ದದ್ದು, ನೀನು ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿರುವ ಫೋಟೋ.

ಬಲಭಾಗ ಸಲೀಸಾಗಿ ಮುಗಿಯಿತು. ಎಡಕ್ಕೆ ಬಂದಾಗ ಮೇಷ್ಟ್ರು ಬಂದು ನಿಂತರು. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದರು: "ಬಲಗಡೆ ಚೌಕಗಳನ್ನೇ ತಿರುಗಿಸಿ ಈ ಕಡೆ ಹಾಕ್ಬಿಡಮ್ಮ, ಬಾಯಿ ನೆಟ್ಟಗಾಗುತ್ತೆ. ಅಮ್ಮಂಗೂ ಖುಷಿ."

ಹಾಗೇ ಮಾಡಿದೆ. ಬಾಯೇನೋ ನೆಟ್ಟಗಾಯಿತು, ಅಮ್ಮ ಮಾತ್ರ ನಾಪತ್ತೆ! ಬಟ್ಟೆಯಂಗಡಿಯ ಬೊಂಬೆಯೊಂದು ನನ್ನನ್ನು ಪಿಳಿಪಿಳಿ ನೋಡುತ್ತಿತ್ತು. ಅಷ್ಟನ್ನೂ ಅಳಿಸಿದೆ. "ಇರೋ ಹಾಗೇ ಬರೀತೀನಿ ಸಾರ್" ಅಂದೆ. ಅವರು ಭುಜ ತಟ್ಟಿ ಹೋದರು.

ಎಡಗಡೆ ಬರೆಯುವಾಗ ನಿಜವಾಗಿ ನಿನ್ನನ್ನು ನೋಡಿದೆ. ಜೋತ ಕೆಳರೆಪ್ಪೆಯ ಅಂಚಿನಲ್ಲಿ ಒಂದು ಒದ್ದೆ ಬೆಳಕಿದೆ. ಅದಕ್ಕೆ ಪೆನ್ಸಿಲ್ ತಾಕಿಸಲಿಲ್ಲ, ಹಾಳೆಯ ಬಿಳಿಯನ್ನೇ ಬಿಟ್ಟೆ. ಎಡಗೆನ್ನೆಯಲ್ಲಿ ಒಂದು ಸುಕ್ಕೂ ಇಲ್ಲ, ಗೊತ್ತಾ? ಬಲಗಡೆ ನಿನಗೆ ಐವತ್ತೈದು, ಎಡಗಡೆ ನಲವತ್ತು.

ನಿನ್ನೆ ಎಲ್ಲರ ಚಿತ್ರಗಳನ್ನೂ ಹಜಾರದಲ್ಲಿ ತೂಗುಹಾಕಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಇಬ್ಬರು ಹೆಂಗಸರು ನಿನ್ನ ಮುಂದೆ ನಿಂತರು. ಒಬ್ಬಾಕೆ, "ಈಯಮ್ಮನ್ನ ನೋಡೇ, ಯಾವ್ದೋ ತಮಾಷೆ ಹೇಳೋಕೆ ಮುಂಚೆನೇ ನಗು ತಡ್ಕೊಂಡಿದ್ದಾಳೆ" ಅಂದಳು. ಇನ್ನೊಬ್ಬಾಕೆ, "ಹೂಂ, ಇಂಥವರ ಪಕ್ಕ ಕೂತ್ರೆ ಹೊತ್ತು ಹೋಗೋದೇ ತಿಳಿಯಲ್ಲ" ಅಂದು ತಾನೂ ನಕ್ಕಳು. ನೀನು ಹೆದರಿದ್ದು ನಗುವಿಗೆ ತಾನೆ? ಅದು ಇಷ್ಟೇ ಅಮ್ಮ.

ಶನಿವಾರ ಚಿತ್ರ ಹಿಡಿದುಕೊಂಡು ಬರುತ್ತೇನೆ. ಸೋಮವಾರ ಶಾಲೆ ಶುರು. ರಜೆ ಹಾಕಿದ್ದೇನೆ, ಗೇಟಿನ ತನಕ ಜೊತೆಗೆ ಬರುತ್ತೇನೆ. ಒಲ್ಲೆ ಅಂದೆಯೋ, ಹೊಸ್ತಿಲ ಮೇಲೆ ಕೂತು ಕುಯ್ಯುತ್ತಲೇ ಇರುತ್ತೇನೆ.

ನೀನೇ ಹೆಸರಿಟ್ಟ
ಪಿಟೀಲು

ತಾ.ಕ.: ಸೂಜಿ ದಾರದ ಆ ಫೋಟೋ ಅಪ್ಪ ತೆಗೆದದ್ದು. ಅವರ ಫೋನಿನ ತುಂಬಾ ನೀನೇ. ಪೇಪರ್ ಓದುವಾಗ, ಗಿಡಕ್ಕೆ ನೀರು ಹಾಕುವಾಗ, ಕುರ್ಚಿಯಲ್ಲೇ ತೂಕಡಿಸುವಾಗ. ಎಲ್ಲವೂ ಕಾಯಿಲೆ ಬಂದ ಮೇಲಿನವು. "ಅಮ್ಮಂಗೆ ಹೇಳ್ಬೇಡ, ನಾಚ್ಕೊಳ್ತಾಳೆ" ಅಂದಿದ್ದರು.