ಹದಿನಾಲ್ಕಕ್ಕೆ ಏಳುವ ಎಂಜಿನ್ನು

ವಾಂಗಾರಿ, ದಕ್ಷಿಣ ಆಸ್ಟ್ರೇಲಿಯಾ
೬ ಆಗಸ್ಟ್ ೨೦೧೭, ಭಾನುವಾರ

ಪ್ರೀತಿಯ ರೇವಿನ್,

ಈಸ್ಟರ್ ಹೊತ್ತಿಗೆ ಬಂದ ನಿನ್ನ ಕಾಗದಕ್ಕೆ ಚಳಿಗಾಲದಲ್ಲಿ ಉತ್ತರ ಬರೆಯುತ್ತಿದ್ದೇನೆ. ಅಂಚೆಯವರನ್ನು ಬೈಯಬೇಡ, ತಡ ನನ್ನದೇ. ನಿನ್ನ ಕಾಗದ ಅಡುಗೆಮನೆಯಲ್ಲಿ ಟೋಸ್ಟರಿನ ಹಿಂದೆ ನಿಂತಿದೆ. ದಿನಾ ಬೆಳಿಗ್ಗೆ ಅದನ್ನು ನೋಡಿ, ಇವತ್ತು ಬರೆಯುತ್ತೇನೆ ಎಂದುಕೊಂಡು ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದೆ.

ಸಮುದ್ರದಾಚೆಯ ಡನೀಡಿನ್ನಿನಲ್ಲಿ ಕೆಲಸ ಸಿಕ್ಕಿದ್ದು, ತಂಗಿಯ ಮನೆ ಹತ್ತಿರವಿರುವುದು, ಕೋಲಿನ್ ಎನ್ನುವವರು ಒಳ್ಳೆಯವರಾಗಿರುವುದು ಎಲ್ಲ ಓದಿ ಸಂತೋಷವಾಯಿತು. ಕಾಗದದ ತಲೆಯಲ್ಲಿ "ಪ್ರಿಯ ಎನಿಡ್" ಎಂದು ಬರೆದಿದ್ದೀಯೆ. ಸೊಸೆಯಾಗಿ ಬಂದಂದಿನಿಂದ "ಅಮ್ಮ" ಎನ್ನುತ್ತಿದ್ದೆ. ತಪ್ಪೆನ್ನುತ್ತಿಲ್ಲ, ಕಣ್ಣಿಗೆ ಬಿತ್ತು ಅಷ್ಟೆ.

ಇಲ್ಲಿಯ ದೊಡ್ಡ ಸುದ್ದಿ ನಿನಗೆ ಮುಟ್ಟಿರಬಹುದು. ಧಾನ್ಯದ ಕಣಜದ ಪಕ್ಕ ರಸ್ತೆ ಹಳಿ ದಾಟುವ ಜಾಗಕ್ಕೆ ಕೊನೆಗೂ ಗೇಟು ಬಂತು. ಕೆಂಪು ದೀಪ, ಗಂಟೆ, ಅಡ್ಡ ಬೀಳುವ ತೋಳು, ಎಲ್ಲ. ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಗಿನಿಂದ ನಾನು ಅದಕ್ಕಾಗಿ ಅರ್ಜಿ ಬರೆದವಳು. ಶಾಲೆಯ ಬಸ್ಸು ಕೂದಲೆಳೆಯಲ್ಲಿ ಪಾರಾದ ವರ್ಷ ಬರೆದೆ, ಫ್ರೀಡಾಳ ಗಂಡ ಟ್ರ್ಯಾಕ್ಟರ್ ಸಮೇತ ಹೋದ ವರ್ಷ ಬರೆದೆ. ರೈಲ್ವೆಯವರ ತನಿಖಾ ವರದಿಗಳನ್ನು ಅವರಿಗಿಂತ ಹೆಚ್ಚು ಸಲ ಓದಿದವಳು ನಾನೇ ಇರಬೇಕು. ಪ್ರತಿ ಸಲವೂ ಒಂದೇ ಉತ್ತರ: ಆ ದಾರಿಯಲ್ಲಿ ವಾಹನ ಸಂಚಾರ ಸಾಲದು. ಇಳಿಬಿಸಿಲು ಕಣ್ಣಿಗೆ ಹೊಡೆಯುವ ಹೊತ್ತಿನಲ್ಲಿ ನನ್ನ ಮಗ ಬ್ರೆಂಟ್ ತನ್ನ ಬಿಳಿ ಪಿಕಪ್ಪಿನಲ್ಲಿ ಮನೆಗೆ ಬರಲು ಆ ದಾರಿಗೆ ತಿರುಗಿದ. ಆಮೇಲೆ ಸಂಚಾರ ಸಾಕಾಯಿತೆಂದು ಕಾಣುತ್ತದೆ.

ಉದ್ಘಾಟನೆಗೆ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದಿದ್ದ. ಕೋಟಿಗೆ ಹೂವು ಸಿಕ್ಕಿಸಿಕೊಂಡು ನನ್ನ ಕೈ ಹಿಡಿದು, "ಇದು ನಿಮ್ಮ ಗೆಲುವು, ಮಿಸೆಸ್ ಟ್ರೆಂಬಾತ್," ಅಂದ.

"ಗೆದ್ದಿರೋನು ಸ್ಮಶಾನದಲ್ಲಿದಾನೆ. ಅಲ್ಲಿಗೇ ಹೋಗಿ ಹೇಳ್ಬಿಡಪ್ಪಾ," ಅಂದೆ.

ಪಕ್ಕದ ಮನೆಯ ಡಾಟ್ ನನ್ನ ತೋಳು ಹಿಡಿದೆಳೆದಳು. "ಸಾಕು ಬಾರೆ. ಇನ್ನೂ ನಾಲ್ಕು ಮಾತಾಡಿದ್ರೆ ಅವನು ಗೇಟು ಕಿತ್ಕೊಂಡು ಹೋಗ್ತಾನೆ."

ಇನ್ನು ಆಟದ ರೈಲಿನ ಕ್ಲಬ್ಬಿನ ವಿಷಯ. ಹಳೆಯ ಸರಕು ಷೆಡ್ಡಿನಲ್ಲಿ ಮೇಜಿನ ಮೇಲೆ ಕಟ್ಟಿದ ಆ ಪುಟ್ಟ ವಾಂಗಾರಿ ಇನ್ನೂ ಹಾಗೇ ಇದೆ: ಕಣಜ, ನೀರಿನ ಟ್ಯಾಂಕು, ನಮ್ಮ ಬೀದಿ, ಡಾಟಳ ತಂತಿಯ ಮೇಲಿನ ಬಟ್ಟೆಗಳು. ಊರಿನಲ್ಲಿ ಇಲ್ಲದ್ದು ಮೇಜಿನ ಮೇಲೂ ಇರಕೂಡದು ಎಂಬ ಅವರ ನಿಯಮ ನಿನಗೆ ಗೊತ್ತೇ ಇದೆ. ಆ ನಿಯಮಕ್ಕೆ ಬ್ರೆಂಟನಂಥ ಕಟ್ಟಾಳು ಇರಲಿಲ್ಲ. "ಆಟದ ಗೇಟಿಗಾದ್ರೂ ಎರಡು ದೀಪ ಹಾಕೋ," ಎಂದು ನಾನು ಗೋಗರೆದಾಗ ನಕ್ಕಿದ್ದ. "ಮೊದಲು ಸರ್ಕಾರ ಹಾಕ್ಲಿ ಅಮ್ಮಾ. ಮಾರನೇ ದಿನ ನಾನು ಹಾಕ್ತೀನಿ." ಸರ್ಕಾರ ಹಾಕಿತು. ಮಾರನೇ ದಿನ ಹಾಕಿದವನು ಕ್ಲಬ್ಬಿನ ಹಿರಿಯ ನೆವಿಲ್. ಬೆಂಕಿಕಡ್ಡಿಯಷ್ಟುದ್ದದ ತೋಳು, ಸಾಸಿವೆಯಷ್ಟು ದೀಪ. ಎಂಬತ್ತಾದರೂ ನಡುಗದ ಕೈ ಅವನದು.

ಮಾರ್ಚಿನಲ್ಲಿ ಒಂದು ಶನಿವಾರ ಆ ಪುಟ್ಟ ಗೇಟಿನ ಉದ್ಘಾಟನೆ. ಆ ಗೇಟನ್ನು ಮೊದಲು ದಾಟುವುದು ಬ್ರೆಂಟನ ನೀಲಿ ಎಂಜಿನ್ನೇ ಆಗಬೇಕೆಂದು ಎಲ್ಲರೂ ಹಟ ಹಿಡಿದರು. ನಾನು ಷೂ ಡಬ್ಬಿಯಿಂದ ತೆಗೆದು ಹಳಿಯ ಮೇಲಿಟ್ಟೆ. ನೆವಿಲ್ ರೈಲು ಓಡಿಸುವ ರಿಮೋಟಿನಲ್ಲಿ ಅದರ ನಂಬರು ಒತ್ತಿದ. ಮುಂದಿನ ದೀಪ ಹತ್ತಿತು. ಚಕ್ರ ಮಾತ್ರ ಅಲುಗಲಿಲ್ಲ.

"ಸುಟ್ಟೋಗಿದೆ ಕಣೆ ಎನಿಡ್," ಅಂದ. "ಒಳಗಿನ ಕಂಪ್ಯೂಟರ್ ಚಿಪ್ ಬದಲಾಯಿಸ್ಬೇಕು."

"ನಿನ್ನ ತಲೇನೇ ಮೊದಲು ಬದಲಾಯಿಸು," ಎಂದಳು ಟೀ ತಂದ ಡಾಟ್. "ಸುಟ್ಟೋಗಿದ್ರೆ ದೀಪ ಹೆಂಗೆ ಹತ್ತತ್ತೆ?"

ನೆವಿಲ್ ಬಗ್ಗಿ ಆ ದೀಪವನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಅಯ್ಯೋ ದೇವರೇ. ಇದಿನ್ನೂ ಜೋಡೀಲಿದೆ. ಯಾರೂ ಬಿಡಿಸೇ ಇಲ್ಲ," ಅಂದ.

ನೀವಿಬ್ಬರೂ ನಿಮ್ಮ ಎರಡು ಎಂಜಿನ್ನುಗಳನ್ನು ಜೋಡಿ ಮಾಡಿದ ಭಾನುವಾರ ನನಗೆ ನಿನ್ನೆಯಂತಿದೆ. ಅವನದು ಮುಂದಕ್ಕೆ ಜಿಗಿಯುತ್ತಿತ್ತು, ನಿನ್ನದು ತೂಕಡಿಸುತ್ತಿತ್ತು. ವೇಗ ಹೊಂದದಿದ್ದರೆ ಒಂದು ಎಳೆಯುತ್ತದೆ, ಇನ್ನೊಂದು ಕಾಲು ಹಿಡಿಯುತ್ತದೆ ಎಂದು ಎರಡನ್ನೂ ಮತ್ತೆಮತ್ತೆ ಬಿಡಿಬಿಡಿಯಾಗಿ ಓಡಿಸಿ ಸರಿಮಾಡುತ್ತಿದ್ದಿರಿ.

"ನಿನ್ನ ಎಂಜಿನ್ನಿಗೆ ನಿನ್ನ ಹಾಗೇ ಆತುರ," ಎಂದೆ ನೀನು.

"ನಿನ್ನದಕ್ಕಿನ್ನೂ ಬೆಳಗಿನ ಕಾಫಿ ಸಿಕ್ಕಿಲ್ಲ ಮಹಾರಾಣಿ," ಎಂದ ಅವನು.

ಸಂಜೆಗೆ ಎರಡೂ ಒಂದೇ ಹೆಜ್ಜೆಗೆ ಬಂದವು. ಎರಡಕ್ಕೂ ಸೇರಿ ನಿಮ್ಮ ಮನೆಯ ನಂಬರನ್ನೇ ಕೊಟ್ಟಿರಿ. ಹದಿನಾಲ್ಕು ಒತ್ತಿದರೆ ಒಟ್ಟಿಗೆ ಹೊರಡಬೇಕು, ಒಟ್ಟಿಗೆ ನಿಲ್ಲಬೇಕು. ಜೋಡಿಯಲ್ಲಿರುವವರೆಗೆ ಎಂಜಿನ್ನು ತನ್ನ ಸ್ವಂತ ನಂಬರಿಗೆ ದೀಪ ಹತ್ತಿಸೀತೇ ಹೊರತು ಹೆಜ್ಜೆ ಎತ್ತದು.

ನೆವಿಲ್ ಹದಿನಾಲ್ಕು ಒತ್ತಿದ. ಎಂಜಿನ್ನು ತಡವರಿಸದೆ ಹೊರಟಿತು. ಸಾಸಿವೆ ದೀಪಗಳು ಮಿನುಗಿದವು, ತೋಳು ಅಡ್ಡ ಬಿತ್ತು, ಗೇಟಿನ ಆಚೆ ಅಂಗುಲದುದ್ದದ ಒಂದು ಬಿಳಿ ಪಿಕಪ್ಪು ನಿಂತಿತ್ತು. ಅದನ್ನು ಅಲ್ಲಿಟ್ಟವರು ಯಾರೋ, ನಾನು ಕೇಳಲಿಲ್ಲ. ರೈಲು ದಾಟಿತು. ಪಿಕಪ್ಪಿಗೆ ಏನೂ ಆಗಲಿಲ್ಲ. ಷೆಡ್ಡಿನಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಡಾಟ್ ಟೀ ಲೋಟಗಳನ್ನು ಸುಮ್ಮನೆ ಒರೆಸುತ್ತಿದ್ದಳು, ಅವು ಆಗಲೇ ಒಣಗಿದ್ದವು.

"ಬಿಡಿಸ್ಬಿಡ್ಲಾ?" ಎಂದ ನೆವಿಲ್. "ಇನ್ನೊಂದಿಲ್ಲವಲ್ಲ ಇಲ್ಲಿ."

"ಮುಟ್ಟಿದ್ರೆ ಕೈ ಮುರೀತೀನಿ," ಅಂದೆ.

ಇದಾದ ಕೆಲವು ವಾರಕ್ಕೆ ನಿನ್ನ ಕಾಗದ ಬಂತು.

ಕೋಲಿನ್ ತಮ್ಮ ಗ್ಯಾರೇಜಿನಲ್ಲಿ ನಿನಗಾಗಿ ಹಳಿ ಹಾಕುತ್ತಿದ್ದಾರೆಂದು ಬರೆದಿದ್ದೀಯೆ. ಒಳ್ಳೆಯ ಮನುಷ್ಯನಲ್ಲದಿದ್ದರೆ ಹಾಕುತ್ತಿರಲಿಲ್ಲ. ವಸಂತದಲ್ಲಿ ಮದುವೆ ಎಂದಿದ್ದೀಯೆ. ಸಮುದ್ರ ದಾಟಿ ಬರಲು ಮಂಡಿ ಒಪ್ಪುವುದಿಲ್ಲ. ನನ್ನ ತಾಯಿಯ ಲೇಸಿನ ಮೇಜುಹಾಸು ಬೇರೆ ಪೊಟ್ಟಣದಲ್ಲಿ ಬರುತ್ತದೆ. ಅದನ್ನು ಬೀರುವಿನಲ್ಲಿ ಮುಚ್ಚಿಡಬೇಡ, ದಿನಾ ಹಾಸು, ಕಲೆಯಾದರೆ ಆಗಲಿ. ನಿಮ್ಮಿಬ್ಬರ ಮನೆಯಲ್ಲಿ ನಗು ತುಂಬಿರಲಿ. ಅವರು ಸಂಜೆ ಬೆಳಕಿರುವಾಗಲೇ ಮನೆಗೆ ಬರಲಿ, ದಿನಾ ಬರಲಿ. ನನಗೆ ಗೊತ್ತಿರುವ ದೊಡ್ಡ ಹಾರೈಕೆ ಇದೇ.

ನಿನ್ನ
ಎನಿಡ್

ಮರೆತ ಮಾತು: ಮರೆತದ್ದಲ್ಲ, ನೀನು ಕಾಗದದಲ್ಲಿ ಕೇಳಿದ್ದೇ ಇದೊಂದು. "ನನ್ನ ಎಂಜಿನ್ನಿಗೆ ದೀಪ ಹತ್ತುತ್ತೆ, ಓಡಲ್ಲ, ಕೋಲಿನ್ ಎಷ್ಟು ನೋಡಿದರೂ ತಿಳಿಯುತ್ತಿಲ್ಲ, ನೆವಿಲನ್ನು ಕೇಳಿ" ಎಂದು. ಕೇಳಬೇಕಾಗಿರಲಿಲ್ಲ. ಓದಿದ ಕ್ಷಣವೇ ನನಗೆ ಉತ್ತರ ಗೊತ್ತಿತ್ತು, ತಡವಾದದ್ದು ಅದಕ್ಕೇ. ಅದು ಕೆಟ್ಟಿಲ್ಲ, ರೇವಿನ್. ಅದರ ಚಿಪ್‌ನಲ್ಲಿ, ಜೋಡಿಯ ನಂಬರು ಬರೆದಿಡುವ ಹತ್ತೊಂಬತ್ತನೆಯ ಖಾನೆಯಲ್ಲಿ, ಹದಿನಾಲ್ಕು ಕೂತಿದೆ. ಅಳಿಸಿ ಅಲ್ಲಿ ಸೊನ್ನೆ ಇಡಲು ಕೋಲಿನ್ನರಿಗೆ ಹೇಳು. ಆಮೇಲೆ ಅದು ನಿನ್ನ ಸ್ವಂತ ನಂಬರಿಗೆ ಓಡುತ್ತದೆ, ಬೇಕಾದರೆ ಬೇರೆ ಎಂಜಿನ್ನಿನ ಜೊತೆಗೂ ಓಡುತ್ತದೆ. ಅಳಿಸುವ ಮೊದಲು ಒಂದು ಸಲ ಹದಿನಾಲ್ಕು ಒತ್ತಿ ನೋಡು ಎಂದು ಬರೆದಿದ್ದೆ, ಆ ಸಾಲನ್ನು ಹೊಡೆದುಹಾಕಿ ಈ ಹಾಳೆಯನ್ನು ಹೊಸದಾಗಿ ಬರೆದೆ. ಹಾಗೇ ಅಳಿಸು. ಬ್ರೆಂಟನದನ್ನು ನಾನು ಬಿಡಿಸಿಲ್ಲ. ಅದು ಬೇರೆಲ್ಲಿಗೂ ಹೋಗಬೇಕಾಗಿಲ್ಲ.